ಧಾರವಾಡಕ್ಕ ಹಿರ್ಯಾ ಯಾರು?

ನಾನು ಮ್ಯಾಟ್ರಿಕ್ ಪಾಸಾದ ವರ್ಷ ನಮ್ಮಪ್ಪ ಒಂದೇ ಪ್ರಶ್ನೆ ಹಿಡಿದು ಕೂತರು: "ಅಲ್ಲೆ ಹಿರ್ಯಾ ಯಾರು?" ಅಲ್ಲೆ ಅಂದರೆ ಧಾರವಾಡದಲ್ಲಿ. ಹಾನಗಲ್ಲಿನಲ್ಲಿ ಅಕ್ಕಿ ವ್ಯಾಪಾರ ಮಾಡುತ್ತಿದ್ದ ಅಪ್ಪನಿಗೆ ಲೋಕ ಬಹಳ ಸರಳ. ಊರಿಗೆ ಗೌಡ, ಮಠಕ್ಕೆ ಸ್ವಾಮಿ, ಬಸ್ಸಿಗೆ ಕಂಡಕ್ಟರ್. ಏನಾದರೂ ಹೆಚ್ಚುಕಡಿಮೆಯಾದರೆ ಯಾರ ಬಾಗಿಲು ಬಡಿಯಬೇಕು ಅನ್ನುವುದು ಮೊದಲೇ ಗೊತ್ತಿರಬೇಕು. ಅಂಥ ಒಬ್ಬ ಹಿರಿಯ ಸಿಕ್ಕರೆ ನಾನು ಕಾಲೇಜಿಗೆ. ಸಿಗದಿದ್ದರೆ, ಹಿರೇಕೆರೂರಿನವರು ಆಗಲೇ ನನ್ನನ್ನು ನೋಡಿ ಹೋಗಿದ್ದರು, ಅವರಿಗೆ ಹೂಂ ಅನ್ನುವುದು. ಹುಡುಗ ಕೆಟ್ಟವನೇನಲ್ಲ. ಬಂದಷ್ಟು ಹೊತ್ತೂ ಅವಲಕ್ಕಿ ತಟ್ಟೆಯಿಂದ ಕಣ್ಣು ಕಿತ್ತಿರಲಿಲ್ಲ. ನನಗೆ ಮಾತ್ರ ಓದಲೇಬೇಕಿತ್ತು, ಅಷ್ಟೆ.

ನಮ್ಮ ಹೈಸ್ಕೂಲಿನ ಹೆಡ್‌ಮಾಸ್ತರರು ನನಗೆ ಕಾಲೇಜಿನಲ್ಲೂ ಹಾಸ್ಟೆಲಿನಲ್ಲೂ ಜಾಗ ಗೊತ್ತುಮಾಡಿ, ಅಪ್ಪನನ್ನು ಒಪ್ಪಿಸಲು ತಾವೇ ಮನೆಗೆ ಬಂದರು.

"ವಿಶ್ವವಿದ್ಯಾಲಯಕ್ಕ ಉಪಕುಲಪತಿಗಳು ಅದಾರ್ರಿ."

"ಉಪ ಬ್ಯಾಡ್ರಿ. ಹಿರ್ಯಾನ್ನ ಹೇಳ್ರಿ."

"ಕುಲಪತಿ ಅಂದ್ರ ರಾಜ್ಯಪಾಲರು. ಅವರು ಬೆಂಗಳೂರಾಗ ಇರ್ತಾರ."

"ಮತ್ತ ಇಲ್ಲೆ ಯಾವಾಗ ಬರ್ತಾರ?"

"ವರ್ಷಕ್ಕೊಮ್ಮೆ ಬಂದು, ಗೌನು ಹಾಕ್ಕೊಂಡು ಪದವಿ ಕೊಟ್ಟು ಹೋಗ್ತಾರ. ಕೆಲಸೆಲ್ಲಾ ಉಪನ ಮಾಡೂದು."

ಬಾಗಿಲ ಹಿಂದೆ ನಿಂತಿದ್ದ ಅವ್ವ, "ಹಂಗಾರ ನಮ್ಮ ಮನೀಹಂಗ ಐತಿ ಬಿಡ್ರಿ" ಎಂದಳು. ಹೆಡ್‌ಮಾಸ್ತರರು ಖಾಲಿ ಕಪ್ಪಿನಿಂದ ಇನ್ನೊಂದು ಗುಟುಕು ಚಹಾ ಕುಡಿದರು. ಹೋಗುವಾಗ, ಉಪಕುಲಪತಿಗಳ ಕೈಕೆಳಗೆ ಡೀನ್ ಎಂಬವರೂ ಇದ್ದಾರೆಂದು ಹೇಳಿ ಹೋದರು.

ಅಪ್ಪನಿಗೆ ಅದು ದೀನ ಎಂದು ಕೇಳಿಸಿತು. "ಪಾಪ, ಅವಂಗ ಯಾರರೆ ಆಸರಾ ಕೊಡಬೇಕು. ಅಂವ ನಮ್ಮ ಹುಡುಗೀನ್ನ ಏನ್ ನೋಡ್ತಾನ?" ಎಂದು ಕೊರಗಿದರು. ಸಂತೆಯ ದಿನ ಅವರ ಗೆಳೆಯ, ಸವಣೂರಿನ ಎಲೆ ವ್ಯಾಪಾರಿ ಸಾಹೇಬರು ಬಂದಾಗ ಅವರ ಮುಂದೂ ಇದೇ ದುಃಖ ತೋಡಿಕೊಂಡರು. ಸಾಹೇಬರಿಗೆ ನಗು ತಡೆಯಲಾಗಲಿಲ್ಲ. "ನಮ್ಮ ಉರ್ದುದಾಗ ದೀನ್ ಅಂದ್ರ ಧರ್ಮ ಮಾರಾಯ. ಧರ್ಮ ನೋಡ್ಕೊಳ್ಳಾಕ ಅಂತನ ಒಬ್ಬ ಆಫೀಸರನ್ನ ಇಟ್ಟಾರಂದ್ರ ಕಣ್ಣು ಮುಚ್ಚಿ ಕಳಸು." ಇಬ್ಬರೂ ಎಲೆ ಅಡಿಕೆ ಜಗಿಯುತ್ತ ಸಂಜೆಯ ತನಕ ವಾದ ಮಾಡಿದರು. ಡೀನ್ ಅಂದರೆ ಏನೆಂದು ಹೆಡ್‌ಮಾಸ್ತರರಿಂದ ಕೇಳಿ ತಿಳಿದಿದ್ದ ನಾನು ಬಾಯಿ ಬಿಡಲಿಲ್ಲ. ಸವಣೂರಿನ ತಪ್ಪು ನನ್ನ ಪರವಾಗಿತ್ತು.

ಅಷ್ಟರಲ್ಲಿ ನನಗೆ ಸಹಾಯ ಮಾಡಲು ಶಿಗ್ಗಾವಿಯಿಂದ ಸೋದರಮಾವ ಬಂದ. ಸ್ಕಾಟ್ಲೆಂಡಿನಲ್ಲಿ ಕೃಷಿ ಓದಿ ಬಂದವನು. ಹಾನಗಲ್ಲಿನ ಸೆಕೆಯಲ್ಲೂ ಟೈ ಬಿಚ್ಚದವನು. ವಿಶ್ವವಿದ್ಯಾಲಯದ ಮಾತು ಬಂದದ್ದೇ ತಡ, ಅವನನ್ನು ಹಿಡಿಯುವವರಿಲ್ಲ. ಅಮೆರಿಕದಲ್ಲಿ ಅದರ ಮುಖ್ಯಸ್ಥರಿಗೆ ಪ್ರೆಸಿಡೆಂಟ್ ಅನ್ನುತ್ತಾರೆ ಎಂದ. "ಹಂಗಾರ ದೇಶ ಯಾರ ನೋಡ್ತಾರ?" ಎಂದರು ಅಪ್ಪ. ಇಂಗ್ಲೆಂಡಿನ ಹಳೆಯ ಕಾಲೇಜುಗಳಲ್ಲಿ ಮಾಸ್ಟರ್ ಇರುತ್ತಾರೆ, ಕೆಲವು ಕಡೆ ವಾರ್ಡನ್ ಎಂದ. ನಮ್ಮೂರಲ್ಲಿ ಮಾಸ್ತರ ಅಂದರೆ ಒಂದೋ ಶಾಲೆಯವರು, ಇಲ್ಲವೇ ಜಂಪರು ಹೊಲಿಯುವವರು. ವಾರ್ಡನ್ ಅಂದರೆ ಜೈಲಿನವರು. ಅಪ್ಪನ ಮುಖ ಇನ್ನೂ ಗಂಟಾಯಿತು.

"ಜರ್ಮನಿಯಾಗ ರೆಕ್ಟರ್ ಅಂತಾರ್ರಿ. ಕೊರಳಾಗ ಬಂಗಾರದ ಸರ ಹಾಕ್ಕೋತಾರ."

ಅಪ್ಪ ಮೊದಲ ಸಲ ತಲೆದೂಗಿದರು. ನಾನು ಸಮಯ ಬಿಡಲಿಲ್ಲ. ನಮ್ಮ ಕಡೆ ಹಾಸ್ಟೆಲ್ ನೋಡಿಕೊಳ್ಳುವವರನ್ನೂ ರೆಕ್ಟರ್ ಎಂದೇ ಕರೆಯುತ್ತಿದ್ದರು. "ಧಾರವಾಡದ ಹುಡುಗ್ಯಾರ ಹಾಸ್ಟೆಲಿಗೂ ರೆಕ್ಟರ್ ಅದಾರಪ್ಪ" ಎಂದೆ. ಅಪ್ಪನ ಮುಖ ಅರಳಿತು. ಮಾವ ಅಲ್ಲಿಗೇ ನಿಲ್ಲಿಸಿದ್ದರೆ ಇವತ್ತಿಗೂ ಅವನ ಫೋಟೋಕ್ಕೆ ಹೂ ಏರಿಸುತ್ತಿದ್ದೆ.

"ನಮ್ಮ ಸ್ಕಾಟ್ಲೆಂಡಿನ ಮಜಾನ ಬ್ಯಾರೆ" ಎಂದ ಮಾವ. "ಅಲ್ಲೆ ರೆಕ್ಟರನ್ನ ಹುಡುಗರ ಓಟ್ ಹಾಕಿ ಆರಸ್ತಾರ. ಆವತ್ತ ಹಿಟ್ಟು ಒಗ್ಯಾಡ್ತಾರ, ಕೊಳತ ತತ್ತಿ ಒಗ್ಯಾಡ್ತಾರ. ಒಮ್ಮೊಮ್ಮೆ ರೆಕ್ಟರಿಗೂ ಬೀಳ್ತಾವ."

ಮೊಟ್ಟೆಯ ಹೆಸರೆತ್ತಿದರೂ ಬಾಯಿ ತೊಳೆದುಕೊಳ್ಳುವ ಮನೆ ನಮ್ಮದು. ಅಪ್ಪ ಎದ್ದು ನಿಂತರು. "ಹುಡುಗರ ಕೈಲೆ ತತ್ತಿ ಹೊಡಿಸಿಕೊಳ್ಳೋರ ಕಡೆ ಮಗಳನ್ನ ಬಿಡಲೇನು? ನಾಳೆ ಹಿರೇಕೆರೂರಿಗೆ ಹೋಗ್ತೇನಿ."

ನಾನು ಅಕ್ಕಿ ಕೋಣೆಗೆ ಹೋಗಿ ಚೀಲದ ಮೇಲೆ ಬಿದ್ದು ಅತ್ತೆ. ಮಾವನ ಮೇಲೆ, ಸ್ಕಾಟ್ಲೆಂಡಿನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಅಪ್ಪನ ಮೇಲೆ ಸಿಟ್ಟು ಬಂದಿತ್ತು. ದೊಡ್ಡ ಹುದ್ದೆ, ಬಂಗಾರದ ಸರ, ಇಷ್ಟೇ ಬೇಕಾಗಿದೆ ಇವರಿಗೆ ಅಂದುಕೊಂಡೆ. ಹೊರಗೆ ಅವ್ವನ ದನಿ ಕೇಳಿಸಿತು: "ಸ್ಕಾಟ್ಲೆಂಡಿನ ತತ್ತಿ ಹಾನಗಲ್ಲಿನ ಹುಡುಗೀಗೆ ಯಾಕ ಬಡೀತೈತ್ರಿ? ಹಿರೇಕೆರೂರು ಎಲ್ಲೂ ಓಡಿ ಹೋಗೂದಿಲ್ಲ. ಮೊದಲ ಧಾರವಾಡಕ್ಕ ಹೋಗಿ ಆ ರೆಕ್ಟರನ್ನ ಕಣ್ಣಾರೆ ನೋಡ್ರಿ." ಮರುದಿನ ಅಪ್ಪನೂ ನಾನೂ ಧಾರವಾಡಕ್ಕೆ ಹೊರಟಾಗ ಬಸ್ಸಿನ ಮೇಲೆ ನನ್ನ ಟ್ರಂಕನ್ನೂ ಹಾಕಿಸಿದಳು. ಮನಸ್ಸಿಗೆ ಸೇರದಿದ್ದರೆ ತಿರುಗಿ ತಂದರಾಯಿತು ಎಂದಳು.

ಹಾಸ್ಟೆಲಿನ ರೆಕ್ಟರ್ ಒಬ್ಬ ಹೆಂಗಸು, ಎಲ್ಲರಿಗೂ ರೆಕ್ಟರ್ ಬಾಯಿ. ವರಾಂಡದಲ್ಲಿ ನಿಂತು ಹಾಲಿನವನಿಗೆ ನೀರಿಳಿಸುತ್ತಿದ್ದರು. ಅಪ್ಪ ಮೊದಲು ನೋಡಿದ್ದು ಅವರ ಕೊರಳು. ಬಂಗಾರ ಇರಲಿಲ್ಲ. ಸೊಂಟದಲ್ಲಿ ಬೀಗದ ಕೈಗಳ ಗೊಂಚಲಿತ್ತು.

"ನಿಮ್ಮನ್ನ ಹುಡುಗ್ಯಾರು ಆರಿಸ್ಯಾರೇನ್ರಿ?" ಎಂದರು ಅಪ್ಪ.

"ಯಾರೂ ಆರಿಸಿಲ್ರಿ. ನಾನ ಬಂದು ಸಿಕ್ಕೊಂಡೇನಿ."

"ಇಲ್ಲೆ ತತ್ತಿ?"

"ಒಳಗ ಬಿಡೂದಿಲ್ಲ."

ನಾನು ಮುಂದಿನ ಪ್ರಶ್ನೆಗೆ ಕಾಯುತ್ತಿದ್ದೆ. ಅಪ್ಪ ನೆಲ ನೋಡುತ್ತ ಮೆಲ್ಲಗೆ ಕೇಳಿದರು: "ರಾತ್ರ್ಯಾಗ ಹುಡುಗಿ ಅತ್ತರ ಯಾರ ನೋಡ್ತಾರ್ರಿ?"

ಹಿರಿಯ ಯಾರು, ಹಿರಿಯ ಯಾರು ಎಂದು ಇಷ್ಟು ದಿನ ಅವರು ಕೇಳಿದ್ದು ಇದನ್ನೇ. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಅಪ್ಪನನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ನಮ್ಮಲ್ಲಿ ಆ ರೂಢಿ ಇರಲಿಲ್ಲ.

"ನಾನ ನೋಡ್ತೇನ್ರಿ" ಎಂದರು ರೆಕ್ಟರ್ ಬಾಯಿ. "ಮೊದಲನೇ ವಾರ ಎಲ್ಲಾರೂ ಅಳ್ತಾರ. ಅಪ್ಪಂದಿರೂ ಅಳ್ತಾರ. ಅವರಿಗೆ ಕೊಡಾಕ ನಮ್ಮಲ್ಲೆ ಖೋಲಿ ಇಲ್ಲ."

ಅಪ್ಪ ನಕ್ಕರು. ನಗುತ್ತಲೇ ಹೆಗಲ ವಲ್ಲಿ ತೆಗೆದು ಮುಖಕ್ಕೆ ಒತ್ತಿಕೊಂಡರು. ಬಹಳ ಹೊತ್ತು ತೆಗೆಯಲಿಲ್ಲ. ರೆಕ್ಟರ್ ಬಾಯಿ ಕುರ್ಚಿ ಎಳೆದು ಅವರನ್ನು ಕೂಡಿಸಿ, ನನ್ನ ಕಡೆ ತಿರುಗಿದರು.

"ನೀ ಒಳಗ ನಡಿ, ಹಾಸಗಿ ಹಾಸ್ಕೋ. ಇವರನ್ನ ನಾ ನೋಡ್ಕೋತೇನಿ."