ಅವ್ವ ಶಿಗ್ಲಿಗೆ ಹೋದ ದಿನ

ಕರ್ನಾಟಕ ಒಂದಾದ ವರ್ಷವೇ ನಾನು ಅವ್ವನನ್ನು ಹಜ್‌ಗೆ ಕರೆದುಕೊಂಡು ಹೋಗಿಬಂದೆ. ಲಕ್ಷ್ಮೇಶ್ವರದಲ್ಲಿ ನಮ್ಮದು ಅರಳೆ ಹಿಂಜಿ ಗಾದಿ ಹೊಲಿಯುವ ಮನೆತನ. ಹಿಂಜುವುದು ನನ್ನ ಕೆಲಸ, ಹೊಲಿಯುವುದು ಅವ್ವನದು. ಹಜ್‌ಗೆ ಹೋಗಬೇಕೆಂಬುದು ಅಪ್ಪನ ಆಸೆಯಾಗಿತ್ತು. ತನ್ನಿಂದ ಆಗಲಿಲ್ಲ, ಅವ್ವನನ್ನಾದರೂ ಕರೆದೊಯ್ಯಿ ಎಂದು ಸಾಯುವ ಮುಂಚೆ ನನಗೆ ಹೇಳಿ ಹೋಗಿದ್ದ.

ಹಡಗಿನ ಪ್ರಯಾಣವನ್ನು ಅವ್ವ ನನಗಿಂತ ಚೆನ್ನಾಗಿ ತಡೆದುಕೊಂಡಳು. ಆದರೆ ಮಕ್ಕಾದ ಹತ್ತಿರದ ಮಿನಾದ ಬಯಲಿನಲ್ಲಿ ಕಳೆದುಹೋದಳು. ನಾನು ಹೊದ್ದಿದ್ದ ಬಟ್ಟೆಯ ಚುಂಗು ಹಿಡಿದೇ ನಡೆಯುತ್ತಿದ್ದಳು. ಜನ ಒಮ್ಮೆಲೇ ಒತ್ತಿ ಬಂದರು, ತಿರುಗಿ ನೋಡಿದರೆ ಅವಳಿಲ್ಲ. ಆ ಉರಿಬಿಸಿಲಿನಲ್ಲಿ ಡೇರೆಯಿಂದ ಡೇರೆಗೆ ಹುಚ್ಚನಂತೆ ಅಲೆದೆ. ಒಂದೇ ಬಣ್ಣದ ಸಾವಿರಾರು ಡೇರೆಗಳು. ಅವ್ವನಿಗೆ ಕನ್ನಡ ಬಿಟ್ಟರೆ ಅರೆಬರೆ ಉರ್ದು. ಯಾರನ್ನು ಏನು ಕೇಳಿಯಾಳು? ಅವಳನ್ನು ಬಿಟ್ಟು ಊರಿಗೆ ಹೋಗಿ ಏನು ಹೇಳಲಿ? ಹೊತ್ತು ಇಳಿಯುವಾಗ ಸಿಕ್ಕಳು. ಯಾವುದೋ ದೇಶದ ಹೆಂಗಸರ ನಡುವೆ ಕೂತು, ಅವರ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕನ್ನಡದಲ್ಲೇ ಮಾತಾಡಿಸುತ್ತಿದ್ದಳು. ಅವಳು ಅಳಲಿಲ್ಲ. ನಾನು ಅತ್ತೆ.

ಗದಗದಲ್ಲಿ ರೈಲು ಇಳಿದು ಬಸ್ಸು ಹತ್ತಿ ಊರು ಸೇರಿದೆವು. ಓಣಿಯೆಲ್ಲ ಮನೆಗೆ ಬಂತು. ಮಕ್ಕಾದಿಂದ ತಂದ ಜಮ್‌ಜಮ್ ನೀರು, ಖರ್ಜೂರ ಹಂಚಿದ್ದಾಯಿತು. ಅವ್ವ ಮರುದಿನವೇ ರೊಟ್ಟಿ ಬಡಿಯಲು ಕೂತಳು. ನನಗೆ ಮಾತ್ರ ಆ ಬಯಲಿನಿಂದ ಹೊರಗೆ ಬರಲಾಗಲಿಲ್ಲ. ಅವ್ವ ಬಾವಿಗೆ ಹೊರಟರೆ ಕೊಡ ಹಿಡಿದು ನಾನೂ ಹೊರಡುತ್ತಿದ್ದೆ. ಸಂತೆಗೆ ಹೋದರೆ ಹಿಂದೆಯೇ. ಬಿಲ್ಲು ಹಿಡಿದು ಅರಳೆ ಹಿಂಜುತ್ತಿದ್ದಾಗ ಅವಳ ದನಿ ಕೇಳದಿದ್ದರೆ ಕೈ ತಾನಾಗಿ ನಿಲ್ಲುತ್ತಿತ್ತು. ಬಾವಿಯ ಹತ್ತಿರ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುವುದನ್ನು ಕಂಡರೂ ಕಾಣದವನಂತೆ ನಿಲ್ಲುತ್ತಿದ್ದೆ.

ಪಕ್ಕದ ಮನೆಯ ಕಾಕು ಒಮ್ಮೆ ಇದನ್ನೇ ತೆಗೆದು ನನ್ನನ್ನು ಚೆನ್ನಾಗಿ ಬೈದಳು. ಅವ್ವ ಅವಳನ್ನು ತಡೆದು, ನನ್ನ ಕಡೆ ತಿರುಗಿದಳು.

"ತಮ್ಮಾ, ಇದು ನಮ್ಮೂರೋ. ಇಲ್ಲಿ ನಾ ಕಳದ್ರ ಓಣ್ಯಾಗಿನ ನಾಯಿ ಸೈತ ಗುರ್ತು ಹಿಡದು ಮನೀಗೆ ತಂದು ಬಿಡ್ತಾವು."

ನಾನು ಹೂಂ ಅಂದೆ. ಮರುದಿನ ಮತ್ತೆ ಕೊಡ ಹಿಡಿದೆ.

ಅಷ್ಟರಲ್ಲಿ ಏಕೀಕರಣದ ದಿನ ಬಂತು. ಶಾಲೆಯ ಮಕ್ಕಳು ಮೆರವಣಿಗೆ ಹೊರಟರು, ಮನೆ ಮನೆಗೆ ದೀಪ ಹಚ್ಚಿದರು. ಇನ್ನು ನಾವು ಮುಂಬೈಯವರಲ್ಲ, ಮೈಸೂರಿನವರು ಎಂದು ಅವ್ವನಿಗೆ ಹೇಳಿದೆ. ಅದಕ್ಕೆ ನಾವು ಮತ್ತೆಲ್ಲಿಗೂ ಹೋಗಬೇಕಿಲ್ಲವಲ್ಲ ಎಂದು ಕೇಳಿ, ಇಲ್ಲವೆಂದಾಗ ಸಮಾಧಾನದಿಂದ ದೀಪಕ್ಕೆ ಎಣ್ಣೆ ಹಾಕಿದಳು.

ಕೆಲವು ದಿನಗಳ ಮೇಲೆ ನಾನು ನಮಾಜಿಗೆ ಹೋಗಿ ಬರುವಷ್ಟರಲ್ಲಿ ಮನೆಗೆ ಕೀಲಿ ಬಿದ್ದಿತ್ತು. ಬಾವಿಗೆ ಓಡಿದೆ, ಅಲ್ಲಿರಲಿಲ್ಲ. ಕಾಕುವಿನ ಬಾಗಿಲು ಬಡಿದೆ.

"ಶಿಗ್ಲಿಗೆ ಹೋಗ್ಯಾಳ. ಮದುವಿ ಮನಿ ಗಾದಿ ಹೊಲಿಯೋದೈತಿ. ನಾನಽ ಚಕ್ಕಡಿ ಹತ್ತಿಸಿ ಬಂದೀನಿ" ಅಂದಳು ಕಾಕು. "ನಿನಗ ಹೇಳಬ್ಯಾಡ ಅಂದಾಳ."

ಮನಸ್ಸು ಕೇಳದೆ ಪಕ್ಕದೂರಾದ ಶಿಗ್ಲಿಯ ದಾರಿ ಹಿಡಿದೆ. ಊರ ಹೊರಗೆ ಎರಡೂ ಕಡೆ ಹತ್ತಿ ಹೊಲ, ಅದರಾಚೆ ಮೊಳಕಾಲೆತ್ತರದ ಜೋಳ. ಎದುರಿಗೆ ಬಂದ ರೈತನೊಬ್ಬ ನಾನು ಕೇಳುವ ಮೊದಲೇ, ನಿಮ್ಮವ್ವ ಹಳ್ಳ ದಾಟಿದಳು, ಚಕ್ಕಡಿಯಲ್ಲಿ ಕೂತು ಎಲ್ಲರನ್ನೂ ನಗಿಸುತ್ತಿದ್ದಾಳೆ ಎಂದ. ಅವನ ಹೆಸರು ನನಗೆ ಗೊತ್ತಿರಲಿಲ್ಲ. ಅವನಿಗೆ ನನ್ನ ಅವ್ವ ಗೊತ್ತಿದ್ದಳು.

ಅಲ್ಲಿಯೇ ಬದುವಿನ ಮೇಲೆ ಕೂತೆ. ಓಣಿಯ ನಾಯಿಯ ಬಗ್ಗೆ ಅವ್ವ ಹೇಳಿದ್ದು ನೆನಪಾಯಿತು. ಎದ್ದು, ಶಿಗ್ಲಿಯ ಕಡೆಗಲ್ಲ, ಮನೆಯ ಕಡೆ ನಡೆದೆ. ಕಾಕು ಕೀಲಿಕೈ ಕೊಟ್ಟಳು. ಬಾಕಿ ಬಿದ್ದಿದ್ದ ಅರಳೆಯನ್ನೆಲ್ಲ ಕೂತು ಹಿಂಜಿದೆ. ಮೈಮೇಲೆಲ್ಲ ಅರಳೆಯ ಎಳೆ ಹಾರಿ ಕೂತಿತು. ಕೈ ಎಲ್ಲೂ ನಿಲ್ಲಲಿಲ್ಲ.

ಹೊತ್ತು ಮುಳುಗುವಾಗ ಅವ್ವ ಚಕ್ಕಡಿಯಿಂದ ಇಳಿದಳು. ಮದುವೆ ಮನೆಯವರು ಕೊಟ್ಟ ಉಂಡಿಯನ್ನು ಸೆರಗಿನಲ್ಲಿ ಕಟ್ಟಿಕೊಂಡಿದ್ದಳು.

"ಬಂದಿದ್ದೇನೋ ಹುಡುಕಿಕೊಂಡು?"

"ಅರ್ಧ ದಾರಿಗೆ ಬಂದಿದ್ನಿ" ಅಂದೆ.

"ಆತು ಬಿಡು, ನಿನ್ನ ಅಂಜಿಕಿ ಅರ್ಧ ಕಡಿಮಿ ಆತು" ಎಂದು ಉಂಡಿ ಕೈಗಿಟ್ಟಳು. ನಾಳೆಯೂ ಹೋಗಬೇಕು, ಇನ್ನೂ ಕೆಲಸ ಉಳಿದಿದೆ ಎಂದು ಹೇಳುತ್ತ ಒಲೆ ಹಚ್ಚಿದಳು. ಹೋಗಿ ಬಾ ಅಂದೆ.