ದಿವಾನಜಿಯ ಪಗಾರ

ಈ ಮಾತು ನಮ್ಮಿಬ್ಬರಲ್ಲೇ ಇರಲಿ. ಗೋಕಾಕದ ಪೇಟೆಯಲ್ಲಿ ಸಣ್ಣದೊಂದು ಭಾಂಡೆ ಅಂಗಡಿ ಇಟ್ಟುಕೊಂಡು ಸ್ಟೀಲಿನ ಲೋಟ, ತಾಮ್ರದ ತಂಬಿಗೆ, ಮದುವೆ ಮನೆಯ ಹಂಡೆ ಮಾರುವ ನಾನು ದಿನಾ ಮಧ್ಯಾಹ್ನ ಕೋಟಿಗಟ್ಟಲೆ ಹಣ ಖರ್ಚು ಮಾಡುತ್ತೇನೆ. ಊಟವಾಗಿರುತ್ತದೆ, ಬಿಸಿಲಿಗೆ ಗಿರಾಕಿಗಳು ಬರುವುದಿಲ್ಲ, ತಲೆಯ ಮೇಲೆ ಫ್ಯಾನು ತಿರುಗುತ್ತಿರುತ್ತದೆ. ದೊಡ್ಡ ಹಂಡೆಯೊಂದಕ್ಕೆ ಬೆನ್ನು ಕೊಟ್ಟು ಕಣ್ಣು ಅರ್ಧ ಮುಚ್ಚಿದರೆ ಸಾಕು, ಅಪಾರ ಐಶ್ವರ್ಯ ಬಂದು ಎದುರಿಗೆ ಕೂರುತ್ತದೆ. ಎಲ್ಲಿಂದ ಬಂದೆ ಎಂದು ನಾನು ಕೇಳುವುದಿಲ್ಲ. ಮನೆಗೆ ಬಂದ ಲಕ್ಷ್ಮಿಯ ಊರು ಕೇರಿ ವಿಚಾರಿಸುವುದು ಮರ್ಯಾದೆಯಲ್ಲ.

ತೊಂದರೆ ಇರುವುದು ಖರ್ಚಿನಲ್ಲಿ. ಮೊದಲು ಅಂಗಡಿಗೆ ಬಣ್ಣ ಹೊಡೆಸುತ್ತೇನೆ. ಹೆಂಡತಿಗೆ ಇಳಕಲ್ ಸೀರೆ. ಆಮೇಲೆ ಒಂದು ಕಾರು. ಕಾರು ಬಂದ ಕೂಡಲೇ ನಮ್ಮ ಓಣಿ ಇಕ್ಕಟ್ಟಾಗುತ್ತದೆ. ಓಣಿ ಅಗಲ ಮಾಡೋಣವೆಂದರೆ ಎದುರು ಮನೆಯವರ ಕಟ್ಟೆ ಒಡೆಯಬೇಕು. ಆ ಕಟ್ಟೆಯ ಮೇಲೆ ಸಂಜೆ ಹರಟೆ ಹೊಡೆಯುವವನು ನಾನೇ. ಹೀಗೆ ಕಟ್ಟೆಯನ್ನು ಉಳಿಸುವ ಚಿಂತೆಯಲ್ಲಿ ಮಧ್ಯಾಹ್ನವೇ ಮುಗಿದು ಹೋಗುತ್ತದೆ, ಐಶ್ವರ್ಯ ಮುಕ್ಕಾಲು ಪಾಲು ಹಾಗೇ ಉಳಿದಿರುತ್ತದೆ. ಸಾಲೆಯಲ್ಲಿ ನಮಗೆ ಲಕ್ಷ, ಕೋಟಿ ಆದ ಮೇಲೆ ಅಬ್ಜ, ಖರ್ವ, ಪದ್ಮ ಎಂದು ಬಾಯಿಪಾಠ ಮಾಡಿಸಿದ್ದರು. ಸಂಖ್ಯೆ ಕಲಿಸಿದರೇ ಹೊರತು ಅಷ್ಟು ಹಣವನ್ನು ಏನು ಮಾಡಬೇಕೆಂದು ಯಾರೂ ಕಲಿಸಲಿಲ್ಲ. ಐಶ್ವರ್ಯವೆಂಬ ಶಬ್ದವೂ ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ, ಐನೋರ ಆಶೀರ್ವಾದದಲ್ಲಿ ಮಾತ್ರ ಬರುತ್ತದೆ. ಉಳಿದ ದಿನಗಳಲ್ಲಿ ನಮ್ಮದು ರೊಕ್ಕ. ರೊಕ್ಕವೆಂದರೆ ಅಂಗಿಯ ಒಳಜೇಬಿನಲ್ಲಿ ಹಿಡಿಯುವಷ್ಟಿರಬೇಕು.

ಈ ದೌರ್ಬಲ್ಯ ನನ್ನೊಬ್ಬನದೇ ಏನೋ ಎಂದು, ಕೋಟಿ ರೂಪಾಯಿ ಬಂದರೆ ಏನು ಮಾಡುತ್ತೀರೆಂದು ಸಿಕ್ಕ ಸಿಕ್ಕವರನ್ನೆಲ್ಲ ಕೇಳಿ ನೋಡಿದೆ. ಮೂಡಲಗಿಯ ನಮ್ಮ ಸೋದರಮಾವ ನಿವೃತ್ತ ಮಾಸ್ತರರು, ಓದಿಕೊಂಡವರು. ಏನಾದರೂ ದೊಡ್ಡದನ್ನು ಹೇಳಿಯಾರೆಂದು ಕಾದೆ. ಅವರು ಬಹಳ ಹೊತ್ತು ಯೋಚಿಸಿ, ಬಾಜೂ ಮನೆಯನ್ನು ಖರೀದಿ ಮಾಡುವುದಾಗಿ ಹೇಳಿದರು. ಆ ಮನೆಯ ಬಚ್ಚಲು ನೀರು ಇವರ ಗೋಡೆಗೆ ಬರುತ್ತದೆ. ಹಾಗಾದರೆ ಆ ಮನೆಯವರನ್ನು ಎಬ್ಬಿಸುತ್ತೀರಾ ಎಂದರೆ ಸಿಟ್ಟಾದರು. ಅವರನ್ನು ಯಾಕೆ ಎಬ್ಬಿಸಬೇಕು, ಬಾಡಿಗೆ ಇಲ್ಲದೆ ಅಲ್ಲೇ ಇರಲಿ, ಬಚ್ಚಲು ಮಾತ್ರ ಆ ಕಡೆ ತಿರುಗಿಸಿಕೊಳ್ಳಲಿ ಎಂದರು. ಹುಕ್ಕೇರಿಯ ನಮ್ಮ ಅತ್ತೆಯವರು ಮನೆಯೊಳಗೇ ಒಂದು ಹಿಟ್ಟಿನ ಗಿರಣಿ ಹಾಕಿಸುತ್ತಾರಂತೆ. ಸರದಿ ಹಿಡಿದು ನಿಂತು ಅವರಿಗೆ ಸಾಕಾಗಿದೆ. ಆದರೆ ಒಬ್ಬರೇ ಬೀಸಿಕೊಂಡು ಕೂತರೆ ಮಾತಿಗೆ ಯಾರೂ ಸಿಗುವುದಿಲ್ಲವಲ್ಲ, ಅದಕ್ಕೆ ಓಣಿಯವರೆಲ್ಲ ತಮ್ಮಲ್ಲಿಗೇ ಬಂದು ಪುಕ್ಕಟೆ ಬೀಸಿಕೊಂಡು ಹೋಗಬೇಕು. ಅಲ್ಲಿಗೆ ಸರದಿ ಮತ್ತೆ ಶುರುವಾಯಿತು, ಈ ಸಲ ಅವರ ಮನೆಯ ಪಡಸಾಲೆಯಲ್ಲಿ. ಹತ್ತರಗಿಯ ಕಂಡಕ್ಟರ್ ಒಬ್ಬರ ಉತ್ತರವೇ ಎಲ್ಲಕ್ಕಿಂತ ಸಣ್ಣದು. ಟಿಕೆಟು ತೆಗೆಸಿ, ತಾವು ದಿನಾ ನಿಂತುಕೊಂಡು ಹೋಗುವ ಅದೇ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಹೋಗುತ್ತಾರಂತೆ. ಅದಕ್ಕೆ ಕೋಟಿ ಯಾಕೆ ಬೇಕೆಂದು ನಾನು ಕೇಳಲಿಲ್ಲ. ಅವರು ಆಗಲೇ ಕಿಟಕಿಯಾಚೆ ನೋಡುತ್ತಿದ್ದರು.

ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನನ್ನ ಅಂಗಡಿಗೆ ಅಂಟಿಕೊಂಡೇ ಶಿವಪುತ್ರಪ್ಪನ ಹಗ್ಗದ ಅಂಗಡಿ ಇದೆ. ಅಂಕಲಗಿಯ ಕಡೆ ಅವನಿಗೆ ಸ್ವಲ್ಪ ಹೊಲವೂ ಉಂಟು. ನಾವಿಬ್ಬರೂ ಮೀಸೆ ಮೂಡುವ ಮೊದಲಿನ ಗೆಳೆಯರು. ಮಧ್ಯಾಹ್ನದ ಚಹಾ ಯಾವಾಗಲೂ ನನ್ನ ಅಂಗಡಿಯಲ್ಲಿ, ಅವನು ಕೂರುವುದು ಬೋರಲು ಹಾಕಿದ ಒಂದು ಹಂಡೆಯ ಮೇಲೆ. ಅವನ ಭಾರಕ್ಕೆ ಆ ಹಂಡೆಗೆ ತಗ್ಗು ಬಿದ್ದು ಅದು ಮಾರಾಟಕ್ಕೆ ಬಾರದೆ ಅವನಿಗೇ ಖಾಯಂ ಆಗಿದೆ.

ಒಂದು ದಿನ ನನ್ನ ಐಶ್ವರ್ಯ ಬಹಳ ಏರಿತು. ನಾನು ಹೊಳೆಯ ದಂಡೆಗೆ ಕಣ್ಣು ಹಾಯುವಷ್ಟು ಜಮೀನು ಕೊಂಡಿದ್ದೆ, ನಡುವೆ ಎರಡಂತಸ್ತಿನ ವಾಡೆ ಕಟ್ಟಿಸಿದ್ದೆ. ಇಷ್ಟನ್ನೆಲ್ಲ ನೋಡಿಕೊಳ್ಳಲು ನಂಬಿಗಸ್ತ ಮನುಷ್ಯ ಬೇಕಲ್ಲ? ಚಹಾ ಕುಡಿಯುತ್ತಿದ್ದ ಶಿವಪುತ್ರಪ್ಪನ ಕಡೆ ತಿರುಗಿ, ಪ್ರೀತಿ ಉಕ್ಕಿ ಬಂದು ಹೇಳಿಬಿಟ್ಟೆ.

"ನೀ ಎಲ್ಲೂ ಹೋಗಬ್ಯಾಡಪಾ. ನಿನ್ನ ನಾನ ದಿವಾನಜಿ ಮಾಡಿ ಇಟ್ಕೋತೇನಿ. ಒಳ್ಳೆ ಪಗಾರ ಕೊಡ್ತೇನಿ."

ನಮ್ಮ ಪೇಟೆಯಲ್ಲಿ ದಿವಾನಜಿ ಎಂದರೆ ಸಾಹುಕಾರರ ಗಾದಿಯ ಕೆಳಗೆ ಕೂತು ಲೆಕ್ಕ ಬರೆಯುವವನು. ಶಿವಪುತ್ರಪ್ಪ ಕಪ್ಪಿನಿಂದ ಬಸಿಗೆ ಸುರಿದುಕೊಂಡಿದ್ದ ಚಹಾವನ್ನು ಹಾಗೇ ಕೆಳಗಿಟ್ಟ. "ಪಗಾರ?" ಎಂದ. ಎದ್ದು ಧೋತರ ಝಾಡಿಸಿಕೊಂಡು ತನ್ನ ಅಂಗಡಿಗೆ ಹೋದ.

ಮರುದಿನ ಅವನು ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಚಹಾದ ಅಂಗಡಿಯವನು ಎರಡು ಕಪ್ಪುಗಳನ್ನು ಎರಡು ಕಡೆ ಒಯ್ಯತೊಡಗಿದ. ನಾನೂ ದಡ್ಡ ನೋಡಿ, ಅವನಿಗೆ ಸಂಬಳ ಕಡಿಮೆಯಾಯಿತೆಂದು ತಿಳಿದೆ. ಅದೇ ಚಹಾದವನ ಕೈಯಲ್ಲಿ, ಪಗಾರ ದುಪ್ಪಟ್ಟು ಮಾಡಿದ್ದೇನೆ, ವಾಡೆಯಲ್ಲಿ ಒಂದು ಖೋಲಿಯನ್ನೂ ಕೊಡುತ್ತೇನೆ ಎಂದು ಹೇಳಿ ಕಳಿಸಿದೆ. ಆ ಸಂಜೆ ಶಿವಪುತ್ರಪ್ಪ ನಮ್ಮಿಬ್ಬರ ಅಂಗಡಿಯ ನಡುವೆ ನೂಲಿನ ಹಗ್ಗದ ದೊಡ್ಡ ಸಿಂಬಿಗಳನ್ನು ಸಾಲಾಗಿ ಪೇರಿಸಿಟ್ಟ. ಅವನ ಮುಖ ಕಾಣದಂತಾಯಿತು.

ಮನೆಯಲ್ಲಿ ಹೆಂಡತಿ ಗಂಗವ್ವನ ಮುಂದೆ ನಗುನಗುತ್ತಲೇ ಹೇಳಿದೆ. ಅವಳು ನಗಲಿಲ್ಲ. "ಇಲ್ಲದ ರೊಕ್ಕದಾಗ ಇದ್ದ ಮನಶ್ಯಾನ್ನ ಕಳಕೊಂಡ್ರಲ್ರಿ" ಎಂದಳು. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಮಧ್ಯಾಹ್ನಗಳು ಉದ್ದವಾದವು. ಐಶ್ವರ್ಯ ಎಂದಿನಂತೆ ಬರುತ್ತಿತ್ತು, ಆದರೆ ಯಾರಿಗೆ ಹೇಳಿಕೊಳ್ಳಲಿ? ತಗ್ಗು ಬಿದ್ದ ಹಂಡೆಯನ್ನು ನೋಡುತ್ತ ಕೂರುವುದಾಯಿತು. ಕೇಳುವವರಿಲ್ಲದ ಸಂಪತ್ತು ಇಷ್ಟು ಬೇಜಾರು ತರುತ್ತದೆಂದು ನನಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಶೀಗಿ ಹುಣ್ಣಿಮೆ ಬಂತು. ಪೈರು ಹೊತ್ತ ಭೂಮಿತಾಯಿ ಬಸುರಿಯೆಂದು ಆ ದಿನ ಹೊಲದಲ್ಲಿ ಪೂಜೆ ಮಾಡಿ, ಮಾಡಿದ ಅಡಿಗೆಯನ್ನೆಲ್ಲ ಕಲಸಿ ಹೊಲದ ಸುತ್ತ ಚೆಲ್ಲುತ್ತೇವೆ. ಅದಕ್ಕೆ ಚರಗವೆನ್ನುತ್ತೇವೆ. ಒಬ್ಬ ಮುಂದೆ ಚರಗ ಚೆಲ್ಲುತ್ತ ಹೋದರೆ ಇನ್ನೊಬ್ಬ ತಂಬಿಗೆ ಹಿಡಿದು ಹಿಂದೆ ನೀರು ಚಿಮುಕಿಸುತ್ತ ಹೋಗಬೇಕು. ಶಿವಪುತ್ರಪ್ಪನ ಹೊಲದಲ್ಲಿ ತಂಬಿಗೆ ಯಾವಾಗಲೂ ನನ್ನದು. ಪ್ರತಿ ವರ್ಷ ಅವನ ಹೆಂಡತಿ ಶಾಂತವ್ವ ಹಿಂದಿನ ದಿನವೇ ಫೋನ್ ಮಾಡಿ ಬರಹೇಳುತ್ತಿದ್ದಳು. ಈ ಸಲ ಫೋನ್ ಬರಲಿಲ್ಲ.

ಕರೆಯದೆ ಹೇಗೆ ಹೋಗುವುದೆಂದು ನಾನು ಬೆಳಿಗ್ಗೆ ಸುಮ್ಮನೆ ಅಂಗಡಿಯ ಬೀಗದ ಕೈ ಹುಡುಕತೊಡಗಿದೆ. ಗಂಗವ್ವ ಆಗಲೇ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕಡಬು ಬುತ್ತಿ ಕಟ್ಟಿ, ಮೇಲೆ ಒಂದು ಕರದಂಟಿನ ಪೆಟ್ಟಿಗೆ ಇಟ್ಟು ಹೊಸ್ತಿಲಲ್ಲಿ ನಿಂತಿದ್ದಳು. ಅವರು ಕರೆದರಷ್ಟೇ ಹೋಗುವುದಕ್ಕೆ ನಾವೇನು ಬೀಗರೇ ಎಂದು ಅವಳ ವಾದ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಒಂದೇ ಚಿಂತೆ. ಅವನು ಮುಖ ತಿರುಗಿಸಿದರೆ ಆ ಬುತ್ತಿ ಹೊತ್ತುಕೊಂಡು ವಾಪಸು ಬರಬೇಕಲ್ಲ.

ಹೊಲದಲ್ಲಿ ಪೂಜೆ ಮುಗಿದಿತ್ತು. ಬನ್ನಿ ಗಿಡದ ಕೆಳಗೆ ಐದು ಕಲ್ಲುಗಳಿಗೆ ಕುಂಕುಮ ಹಚ್ಚಿದ್ದರು. ಶಿವಪುತ್ರಪ್ಪ ಚರಗದ ಬುಟ್ಟಿ ಹಿಡಿದುಕೊಂಡು, ಹೊರಡದೆ, ಸುಮ್ಮನೆ ನಿಂತಿದ್ದ. ನೀರು ತುಂಬಿದ ತಂಬಿಗೆ ಬದುವಿನ ಮೇಲಿತ್ತು. ಅವನ ಅಳಿಯ, ಅಣ್ಣತಮ್ಮಂದಿರು ಎಲ್ಲರೂ ಇದ್ದರು, ಯಾರೂ ಅದನ್ನು ಮುಟ್ಟಿರಲಿಲ್ಲ. ನನ್ನನ್ನು ಕಂಡು ಅವನು ಬೇರೆ ಕಡೆ ನೋಡಿದ.

"ತಡಾ ಮಾಡಿದ್ಯಲ್ಲ. ತಂಬಿಗಿ ತಗೋ" ಎಂದ.

ನನಗಾದ ಸಂತೋಷಕ್ಕೆ ಅರ್ಧ ನೀರು ನನ್ನ ಕಾಲ ಮೇಲೇ ಹೋಯಿತು. ಅವನು ಜೋಳದ ಪೈರಿನ ಅಂಚಿನಲ್ಲಿ ಕಡಬು, ಪಲ್ಯ, ಅನ್ನ ಧಾರಾಳವಾಗಿ ತೂರುತ್ತ ಮುಂದೆ, ನಾನು ಚಿಮುಕಿಸುತ್ತ ಹಿಂದೆ. ಹಕ್ಕಿಗಳು ಆಗಲೇ ಬಂದು ಕಾಯುತ್ತಿದ್ದವು. ಅರ್ಧ ಹೊಲ ಸುತ್ತಿದ ಮೇಲೆ ಅವನು ಹಿಂದಕ್ಕೆ ತಿರುಗದೆಯೇ ಮಾತಾಡಿದ. ತಾನೂ ಮಧ್ಯಾಹ್ನ ಹೀಗೇ ಶ್ರೀಮಂತನಾಗುವುದುಂಟು, ನನಗೆ ಹೇಳಿರಲಿಲ್ಲ ಅಷ್ಟೆ, ಎಂದ. ಅವನ ಐಶ್ವರ್ಯದಲ್ಲಿ ದೊಡ್ಡ ತೋಟವಿದೆಯಂತೆ. ನನ್ನ ಅಂಗಡಿಯನ್ನು ಅವನು ಎಂದೋ ಮುಚ್ಚಿಸಿ, ತೋಟಕ್ಕೆ ನೀರು ಹಾಯಿಸಲು ನನ್ನನ್ನು ಹಚ್ಚಿದ್ದಾನಂತೆ.

ನನಗೆ ಕೆಂಡದಂಥ ಸಿಟ್ಟು ಬರಬೇಕಿತ್ತು, ಬದಲಿಗೆ ಕುತೂಹಲ ಬಂತು. "ಪಗಾರ ಎಷ್ಟ?" ಎಂದೆ.

ಆಗ ಅವನು ನಿಂತು ತಿರುಗಿದ. "ಪಗಾರ ಯಾಕೋ? ಮನ್ಯಾಗಿನ ಮನಶ್ಯಾಗ ಯಾರರ ಪಗಾರ ಕೊಡ್ತಾರೇನು?"

ನಾನು ದುಪ್ಪಟ್ಟು ಮಾಡಿದ್ದು ಪಗಾರವನ್ನಲ್ಲ, ಅವನಿಗಾದ ಅವಮಾನವನ್ನು ಎಂದು ಆಗ ತಿಳಿಯಿತು. ತಂಬಿಗೆಯ ನೀರಿನಿಂದಲೇ ಕಣ್ಣು ತೊಳೆದುಕೊಂಡೆ.

ಬನ್ನಿ ಗಿಡದ ಕೆಳಗೆ ಬರುವಷ್ಟರಲ್ಲಿ ನಮ್ಮ ರಾಜಿ ಎಷ್ಟು ಮುಂದುವರಿದಿತ್ತೆಂದರೆ ಅವನ ತೋಟ, ನನ್ನ ವಾಡೆ ಎರಡನ್ನೂ ಕೂಡಿಸಿ ನಡುವಿನ ಬದುವನ್ನೇ ತೆಗೆದುಹಾಕಿದ್ದೆವು. ಶಾಂತವ್ವನ ಜೊತೆ ಬುತ್ತಿ ಬಿಚ್ಚುತ್ತ ಕೇಳುತ್ತಿದ್ದ ಗಂಗವ್ವ ತಲೆಯೆತ್ತಿದಳು.

"ಇಷ್ಟೆಲ್ಲಾ ರೊಕ್ಕದಾಗ ನಮ್ಮಿಬ್ಬರಿಗೂ ಏನ ಕೆಲಸಾ ಹಚ್ಚೀರಿ?"

ಕೋಟ್ಯಧೀಶರಿಬ್ಬರೂ ಮುಖ ಮುಖ ನೋಡಿಕೊಂಡೆವು. ಎರಡು ಐಶ್ವರ್ಯಗಳಲ್ಲೂ ಅಡಿಗೆಮನೆಯಲ್ಲಿ ಯಾರು ನಿಂತಿದ್ದರೆಂದು ನಾವು ವಿಚಾರಿಸಿಯೇ ಇರಲಿಲ್ಲ. ಶಾಂತವ್ವ ಸೆರಗು ಸರಿಪಡಿಸಿಕೊಂಡು ಕಂಬಳಿಯ ಮೇಲೆ ಕೂತಳು, ಗಂಗವ್ವನನ್ನೂ ಎಳೆದು ಪಕ್ಕದಲ್ಲಿ ಕೂಡಿಸಿಕೊಂಡಳು, ಇಬ್ಬರೂ ತಾಟು ಮುಂದಿಟ್ಟುಕೊಂಡರು. ಶಿವಪುತ್ರಪ್ಪ ರೊಟ್ಟಿಯ ಬುಟ್ಟಿ ಎತ್ತಿಕೊಂಡ, ನಾನು ಎಣ್ಣೆಗಾಯಿಯ ಪಾತ್ರೆ ಹಿಡಿದೆ. ಬಗ್ಗಿ ಬಗ್ಗಿ ಬಡಿಸಿದೆವು. ಉಪ್ಪು ತಡವಾಯಿತೆಂದು ಬೈಸಿಕೊಂಡೆವು. ಪಗಾರದ ಮಾತನ್ನು ಇಬ್ಬರೂ ಎತ್ತಲಿಲ್ಲ.