ಸರೋಜಕ್ಕನ ಬೆಕ್ಕಿನ ಮಾತ್ರೆ

ನಾನು ಮೊದಲ ಸಲ ಮನೆಬಿಟ್ಟು ಹೊರಟದ್ದು ಒಂದು ಸೋಮವಾರ, ಏಳನೇ ಕ್ಲಾಸಿನ ಲೆಕ್ಕದ ಪರೀಕ್ಷೆಯ ದಿನ. ಅವತ್ತಿನಿಂದ ಎಲ್ಲಿ ಉಳಿದರೂ ನನ್ನ ಬ್ಯಾಗು ಬಾಯಿ ತೆರೆದುಕೊಂಡೇ ಇರುತ್ತದೆ. ಹೊರಡುವಾಗ ಬಟ್ಟೆ ತುರುಕಿದರೆ ಸಾಕು.

ಪೇಂಟಿಂಗ್ ಕೆಲಸಕ್ಕೆ ಭದ್ರಾವತಿಗೆ ಬಂದಾಗ ಜನ್ನಾಪುರದ ಸರೋಜಕ್ಕನ ಮನೆಯ ಹೊರಕೋಣೆಯಲ್ಲಿ ಬಾಡಿಗೆಗಿದ್ದೆ. ಅವರ ಗಂಡುಬೆಕ್ಕು ಕರಿಯ ಎಲ್ಲೋ ಕಚ್ಚಾಡಿ ಬಂದು ಗಾಯ ಕೀವುಗಟ್ಟಿತು. ಶಿವಮೊಗ್ಗದ ಡಾಕ್ಟರು ಮಾತ್ರೆ ಕೊಟ್ಟು, ತಪ್ಪಿಸಿದರೆ ಬೆಕ್ಕು ಉಳಿಯುವುದು ಕಷ್ಟ ಅಂದರು. ಅಕ್ಕ ಬೆಳಗ್ಗೆಯೇ ಹೊಲಿಗೆ ಕೆಲಸಕ್ಕೆ ಹೋಗುವುದರಿಂದ ತಿನ್ನಿಸುವ ಹೊಣೆ ನನ್ನದಾಯಿತು. ದವಡೆ ಒತ್ತಿ ಮಾತ್ರೆ ಹಾಕಿ, ಗಂಟಲು ನೇವರಿಸುತ್ತಿದ್ದೆ. ಆದರೂ ಗಾಯ ದೊಡ್ಡದಾಗುತ್ತಲೇ ಹೋಯಿತು.

"ದಿನಾ ಕೊಡ್ತಿದೀಯೇನೋ?"

"ಕೊಡ್ತಿದೀನಕ್ಕ."

"ಕೊಟ್ಟಿದ್ರೆ ಹಿಂಗ್ಯಾಕಾಗ್ತಿತ್ತು? ಅವಸರಕ್ಕೆ ಎಲ್ಲೋ ಬಿಸಾಕ್ತಿದೀಯ."

ನನಗೋ ಡಾಕ್ಟರ ಮೇಲೇ ಅನುಮಾನ. ಮರುದಿನ ಅಕ್ಕ ರಜೆ ಹಾಕಿ ಎದುರಿಗೇ ಕೂತರು. ಮಾತ್ರೆ ಹಾಕಿದೆ. ಕರಿಯ ಮೂತಿ ನೆಕ್ಕಿಕೊಂಡು, ಬಲು ಸಂಭಾವಿತನ ಹಾಗೆ ನನ್ನ ಕೋಣೆಗೆ ನಡೆದ. ಹಿಂದೆಯೇ ಹೋದೆವು. ಅವನು ಬ್ಯಾಗಿನೊಳಗೆ ತಲೆ ತೂರಿಸಿ ಮಾತ್ರೆ ಉಗಿದ. ಅಲ್ಲಿ ನನ್ನ ಬನಿಯನ್ನಿಗೆ ಹಿಂದಿನ ಮಾತ್ರೆಗಳೆಲ್ಲ ಅಂಟಿಕೊಂಡಿದ್ದವು.

"ಅಲ್ಲ ಮಾರಾಯ, ಬ್ಯಾಗು ಮುಚ್ಚಿಡೋಕೆ ನಿಂಗೇನು ರೋಗ?" ಬೈಗುಳ ಆಗಲೂ ನನಗೇ.

ಡಾಕ್ಟರಿಗೆ ಫೋನು ಮಾಡಿ ಕೇಳಿ, ಮಾತ್ರೆ ಪುಡಿ ಮಾಡಿ, ಬೇಯಿಸಿದ ಮೀನಿಗೆ ಕಲಸಿಕೊಟ್ಟೆವು. ಗಾಯ ಒಣಗಿತು, ನನ್ನ ಕೆಲಸವೂ ಮುಗಿಯಿತು. ಹೊರಡುವ ದಿನ ಜೀವನದಲ್ಲಿ ಮೊದಲ ಸಲ ಬ್ಯಾಗಿನ ಜಿಪ್ ಎಳೆದೆ.

ಅಕ್ಕ ಬಾಗಿಲಿಗೆ ಅಡ್ಡ ನಿಂತರು. "ತೆಗಿ ಅದನ್ನ. ಬೆಳಗ್ಗೆಯಿಂದ ಕರಿಯ ಕಾಣ್ತಿಲ್ಲ."

ಬಟ್ಟೆಯೆಲ್ಲ ಹೊರಗೆ ಹಾಕಿ, ಕರಿಯ ಒಳಗಿಲ್ಲ ಅಂತ ತೋರಿಸಿ, ಮೊದಲಿನಿಂದ ಮತ್ತೆ ತುರುಕತೊಡಗಿದೆ.